ನರ್ಸಿಂಗ್ ಕಾಲೇಜಿನಲ್ಲಿ ಒಂದು ಪುಟ್ಟ ಸಂಶೋಧನಾ ಲ್ಯಾಬ್: ಎಲ್ಲಿಂದ ಶುರು ಮಾಡಬೇಕು?

ಸಿನಾಪ್ಸಿಸ್ (ಸಂಶೋಧನೆಯ ಮುನ್ಯೋಜನೆ) ಬರೆಯುವ ಕಾಲ ಬಂತು ಅಂದರೆ ನಮ್ಮ ಮಲೆನಾಡಿನ ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿಗಳಿಂದ ಒಂದೇ ಪ್ರಶ್ನೆ ಬರುತ್ತದೆ. "ಮೇಡಂ, ಬರೀ ಪ್ರಶ್ನಾವಳಿ ತುಂಬಿಸೋದು ಬಿಟ್ಟು ದೇಹದಲ್ಲಿ ಏನಾಗ್ತಿದೆ ಅಂತಾನೂ ಅಳೀಬಹುದಾ? ಅದಕ್ಕೆ ದೊಡ್ಡ ಲ್ಯಾಬ್ ಬೇಕಲ್ವಾ?" ಹೊಸದಾಗಿ ಸೇರಿದ ಉಪನ್ಯಾಸಕರೂ ಇದನ್ನೇ ಕೇಳುತ್ತಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ಅಳೆಯಬಹುದು. ದೊಡ್ಡ ಲ್ಯಾಬ್ ಬೇಕಿಲ್ಲ. ಎರಡು ಕೋಣೆ, ಒಂದು ಡೀಪ್ ಫ್ರೀಜರ್, ಒಂದು ಸೆಂಟ್ರಿಫ್ಯೂಜ್ (ಟ್ಯೂಬ್‌ಗಳನ್ನು ಜೋರಾಗಿ ತಿರುಗಿಸುವ ಯಂತ್ರ), ಒಂದಷ್ಟು ಕೈಗಡಿಯಾರದಂಥ ಸಾಧನಗಳು ಇದ್ದರೆ ಕೆಲಸ ಶುರುವಾಗುತ್ತದೆ. ಇದಕ್ಕೆಲ್ಲ ಹಣ ಹೇಗೋ ಹೊಂದಿಸಬಹುದು. ಹೊಂದಿಸಲು ಕಷ್ಟವಾಗುವುದು ಹೊತ್ತಿನ ಶಿಸ್ತು. ಯಾವ ಮಾದರಿಯನ್ನು (ಪರೀಕ್ಷೆಗೆಂದು ತೆಗೆಯುವ ಉಗುಳು, ರಕ್ತದಂಥದ್ದು) ಎಷ್ಟು ಗಂಟೆಗೆ ತೆಗೆದೆವು, ಎಷ್ಟು ಗಂಟೆಗೆ ಫ್ರೀಜರ್‌ಗೆ ಹಾಕಿದೆವು ಅನ್ನುವುದು ತಪ್ಪಾದರೆ ಎಷ್ಟು ಒಳ್ಳೆಯ ಯಂತ್ರ ಇದ್ದರೂ ಪ್ರಯೋಜನವಿಲ್ಲ.

ಇಂಥ ಲ್ಯಾಬ್‌ಗೆ ಬಯೋಬಿಹೇವಿಯರಲ್ ಲ್ಯಾಬ್ ಅನ್ನುತ್ತಾರೆ. ಒಬ್ಬ ವ್ಯಕ್ತಿಯ ದೇಹ ಮತ್ತು ನಡವಳಿಕೆ ಎರಡನ್ನೂ ಒಟ್ಟಿಗೆ ಅಳೆಯುವ ಜಾಗ ಅಂತ ಅರ್ಥ. ನಿದ್ದೆ, ನೋವು, ಸುಸ್ತು, ಒತ್ತಡ ಇವೆಲ್ಲ ನರ್ಸ್ ದಿನವೂ ಹಾಸಿಗೆ ಪಕ್ಕದಲ್ಲಿ ನೋಡುವ ವಿಷಯಗಳು. ಅಮೆರಿಕದಲ್ಲಿ 1986ರಲ್ಲೇ ನರ್ಸಿಂಗ್ ಸಂಶೋಧನೆಗೆ ರಾಷ್ಟ್ರೀಯ ಕೇಂದ್ರ ಶುರುವಾಯಿತು. 1993ರಲ್ಲಿ ಅದು ಪೂರ್ಣ ಸಂಸ್ಥೆಯಾಯಿತು. ಅಲ್ಲಿನ ಹಲವು ನರ್ಸಿಂಗ್ ಕಾಲೇಜುಗಳಲ್ಲಿ ಇಂಥ ಲ್ಯಾಬ್‌ಗಳಿವೆ. ನಮ್ಮಲ್ಲೂ ಆಗಬೇಕು ಅನ್ನುವ ಆಸೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

1. ಮೊದಲು ಪ್ರಶ್ನೆ, ಆಮೇಲೆ ಸಾಮಾನು

"ನಾವು ಕಾರ್ಟಿಸಾಲ್ ಅಳೆಯೋಣ" ಅಂತ ಶುರು ಮಾಡಬೇಡಿ. "ಅಡಿಕೆ ಸುಗ್ಗಿಯಲ್ಲಿ ತಡರಾತ್ರಿ ತನಕ ಅಡಿಕೆ ಸುಲಿಯುವ ಹೆಂಗಸರ ನಿದ್ದೆ ಮತ್ತು ಒತ್ತಡ ಹೇಗಿರುತ್ತದೆ?" ಅಂತ ಶುರು ಮಾಡಿ. ಪ್ರಶ್ನೆ ಸರಿಯಾಗಿದ್ದರೆ ಏನು ಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ. ಇಲ್ಲಿ ಬೇಕಾದ್ದು ನಿದ್ದೆ ಅಳೆಯುವ ಕೈಪಟ್ಟಿ, ಉಗುಳಿನ ಮಾದರಿ, ಒಂದು ಕನ್ನಡ ಪ್ರಶ್ನಾವಳಿ. ಇಷ್ಟೇ.

ಕಾರ್ಟಿಸಾಲ್ ಅಂದರೆ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಬರುವ ಹಾರ್ಮೋನು. ಒತ್ತಡ ಆದಾಗ ಏರುತ್ತದೆ. ಒತ್ತಡ ಇಲ್ಲದಿದ್ದರೂ ಅದಕ್ಕೆ ತನ್ನದೇ ಒಂದು ದಿನಚರಿ ಇದೆ. ಬೆಳಿಗ್ಗೆ ಎದ್ದ ಮೇಲೆ 30ರಿಂದ 45 ನಿಮಿಷದೊಳಗೆ ಜೋರಾಗಿ ಏರುತ್ತದೆ. ಆಮೇಲೆ ದಿನವಿಡೀ ಇಳಿಯುತ್ತಾ ಮಧ್ಯರಾತ್ರಿ ಹೊತ್ತಿಗೆ ತಳ ಮುಟ್ಟುತ್ತದೆ. ಈ ಏರಿಳಿತ ಗೊತ್ತಿಲ್ಲದೆ "ಒಂದು ಸಲ ತೆಗೆದರೆ ಸಾಕಲ್ವಾ" ಅಂದುಕೊಳ್ಳುವುದೇ ಎಲ್ಲರೂ ಮಾಡುವ ಮೊದಲ ತಪ್ಪು. ಹನ್ನೊಂದು ಗಂಟೆಗೆ ಒಬ್ಬರದ್ದು, ಮೂರು ಗಂಟೆಗೆ ಇನ್ನೊಬ್ಬರದ್ದು ತೆಗೆದು ಹೋಲಿಸಿದರೆ ನೀವು ಅಳೆದದ್ದು ಒತ್ತಡವನ್ನಲ್ಲ, ಗಡಿಯಾರವನ್ನು.

2. ನೈತಿಕ ಸಮಿತಿಯ ಒಪ್ಪಿಗೆ

ಒಂದು ಹನಿ ಉಗುಳು ತೆಗೆಯುವ ಮುಂಚೆಯೂ ಇದು ಆಗಿರಬೇಕು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿ ಪ್ರಕಾರ ಸಮಿತಿಯಲ್ಲಿ 7ರಿಂದ 15 ಸದಸ್ಯರು ಇರಬೇಕು. ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ಸಭೆಗೆ ಕನಿಷ್ಠ 5 ಜನ ಹಾಜರಿರಬೇಕು. ಇಂಥ ಸಂಶೋಧನೆಯನ್ನು ನೋಡುವ ಸಮಿತಿ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿ ಆಗಿರಬೇಕು ಅಂತ 2019ರ ನಿಯಮ ಹೇಳುತ್ತದೆ. ನಿಮ್ಮ ಕಾಲೇಜಿನ ಸಮಿತಿಯ ನೋಂದಣಿ ಚಾಲ್ತಿಯಲ್ಲಿದೆಯಾ ಅಂತ ಮೊದಲೇ ಕೇಳಿಕೊಳ್ಳಿ. ಕೊನೆ ಗಳಿಗೆಯಲ್ಲಿ ಇದು ಗೊತ್ತಾದರೆ ಒಂದು ಸುಗ್ಗಿಯೇ ಕೈತಪ್ಪಬಹುದು.

ಸಮ್ಮತಿ ಪತ್ರ ಕನ್ನಡದಲ್ಲಿರಲಿ. ಎಷ್ಟು ಟ್ಯೂಬ್, ಯಾವ ಪರೀಕ್ಷೆ, ಎಷ್ಟು ದಿನ ಇಡುತ್ತೀರಿ, ಯಾವಾಗ ನಾಶ ಮಾಡುತ್ತೀರಿ ಅನ್ನುವುದನ್ನೆಲ್ಲ ಬರೆಯಿರಿ. ಮುಂದೆ ಬೇರೆ ಸಂಶೋಧನೆಗೆ ಬಳಸುವ ಯೋಚನೆ ಇದ್ದರೆ ಅದಕ್ಕೆ ಬೇರೆಯೇ ಸಹಿ ಬೇಕು. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ನಿಮ್ಮ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಜೊತೆಗಿರಬೇಕು.

3. ಎರಡು ಕೋಣೆ

ಒಂದು ಮಾದರಿ ಕೋಣೆ, ಇನ್ನೊಂದು ಮೌನದ ಕೋಣೆ. ಎರಡನ್ನೂ ಒಂದೇ ಕಡೆ ಮಾಡಬೇಡಿ. ಸೆಂಟ್ರಿಫ್ಯೂಜ್ ಗುಂಯ್‌ಗುಡುವ ಜಾಗದಲ್ಲಿ ಕೂರಿಸಿ ಯಾರದ್ದೇ ಎದೆಬಡಿತ ಅಳೆದರೂ ಅದು ಸರಿಯಾದ ಅಳತೆ ಆಗುವುದಿಲ್ಲ.

ಮಾದರಿ ಕೋಣೆಗೆ ಒರೆಸಲು ಸುಲಭವಾದ ಕಟ್ಟೆ, ಸಿಂಕ್, ಬೀಗ ಇರುವ ಬೀರು ಸಾಕು. ಮೌನದ ಕೋಣೆಗೆ ಒರಗು ಕುರ್ಚಿ, ಬಿಪಿ ಸಾಧನ, ಎದೆಬಡಿತ ದಾಖಲಿಸುವ ಸಾಧನ, ಗೋಡೆ ಗಡಿಯಾರ, ಕೋಣೆಯ ಉಷ್ಣತೆ ತೋರಿಸುವ ಮೀಟರ್ ಬೇಕು.

ನಮ್ಮ ಕಡೆ ಒಂದು ವಿಷಯ ಮರೆಯಬಾರದು. ತಗಡಿನ ಮಾಡು ಇರುವ ಕೋಣೆಯನ್ನು ಮೌನದ ಕೋಣೆ ಮಾಡಿಕೊಂಡರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಅದು ಕೆಲಸಕ್ಕೆ ಬರುವುದಿಲ್ಲ. ಜಡಿಮಳೆ ಬಡಿಯುವಾಗ ಎದುರಿಗೆ ಕೂತವರ ಮಾತೂ ಕೇಳಿಸುವುದಿಲ್ಲ. ತಾರಸಿ ಇರುವ ಒಳಕೋಣೆಯನ್ನೇ ಕೇಳಿ ಪಡೆಯಿರಿ.

ತೇವ ಇನ್ನೊಂದು ಶತ್ರು. ಕೈಪಟ್ಟಿ, ಸೆನ್ಸರ್, ವೈರುಗಳನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನೀಲಿ ಕಾಳು ಗುಲಾಬಿ ಬಣ್ಣಕ್ಕೆ ತಿರುಗಿತು ಅಂದರೆ ತೇವ ಹೀರಿ ತುಂಬಿದೆ, ಬದಲಿಸಬೇಕು ಅಂತ ಅರ್ಥ.

4. ಫ್ರೀಜರ್ ಮತ್ತು ಕರೆಂಟು

ಕಾರ್ಟಿಸಾಲ್ ಅಳೆಯಲು ತೆಗೆದ ಉಗುಳನ್ನು ಮೈನಸ್ 20 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇಡಬಹುದು. ಮೈನಸ್ 80ರ ಫ್ರೀಜರ್ ಬೇಕಾಗುವುದು ಉರಿಯೂತದ ಪ್ರೋಟೀನುಗಳಂಥ ಸೂಕ್ಷ್ಮ ವಸ್ತುಗಳಿಗೆ, ಇಲ್ಲವೇ ವರ್ಷಗಟ್ಟಲೆ ಇಡುವುದಾದರೆ. ಮೊದಲ ವರ್ಷವೇ ಅದಕ್ಕೆ ಕೈಹಾಕಬೇಡಿ. ಅದರ ಬೆಲೆಗಿಂತ ಅದನ್ನು ಸಾಕುವುದೇ ಕಷ್ಟ.

ಮನೆಯಲ್ಲಿ ಬಳಸುವ ಫ್ರಾಸ್ಟ್-ಫ್ರೀ ಫ್ರಿಜ್ಜಿನ ಫ್ರೀಜರ್ ಬೇಡವೇ ಬೇಡ. ಮಂಜು ಕಟ್ಟದಿರಲಿ ಅಂತ ಅದು ಆಗಾಗ ತಾನೇ ಬಿಸಿ ಮಾಡಿಕೊಳ್ಳುತ್ತದೆ. ನಿಮ್ಮ ಟ್ಯೂಬ್‌ಗಳು ಪ್ರತಿ ಸಲ ಸ್ವಲ್ಪ ಕರಗಿ ಮತ್ತೆ ಗಟ್ಟಿಯಾಗುತ್ತವೆ. ಮೇಲಿನಿಂದ ಮುಚ್ಚಳ ತೆರೆಯುವ, ಕೈಯಿಂದ ಮಂಜು ತೆಗೆಯಬೇಕಾದ ಪೆಟ್ಟಿಗೆ ಫ್ರೀಜರ್ ಒಳ್ಳೆಯದು. ಕರೆಂಟು ಹೋದರೂ ತಣ್ಣನೆ ಗಾಳಿ ಕೆಳಗೇ ಉಳಿಯುತ್ತದೆ. ಖಾಲಿ ಜಾಗದಲ್ಲಿ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಇಟ್ಟು ಗಟ್ಟಿ ಮಾಡಿಡಿ. ಆಗ ಜಾಸ್ತಿ ಹೊತ್ತು ತಂಪು ಹಿಡಿಯುತ್ತದೆ.

ಒಂದು ಜುಲೈ ತಿಂಗಳಲ್ಲಿ ಲೈನಿನ ಮೇಲೆ ಮರ ಬಿದ್ದು ಶನಿವಾರ ರಾತ್ರಿ ಕರೆಂಟು ಹೋಯಿತು. ಸೋಮವಾರ ನಾನು ಬಂದು ನೋಡಿದಾಗ ಎಲ್ಲವೂ ಗಟ್ಟಿಯಾಗಿಯೇ ಇತ್ತು. ಆದರೆ ನಡುವೆ ಕರಗಿತ್ತಾ? ಅದನ್ನು ಹೇಳುವವರು ಯಾರೂ ಇರಲಿಲ್ಲ. ಆ ಟ್ಯೂಬ್‌ಗಳನ್ನೆಲ್ಲ ಬಿಡಬೇಕಾಯಿತು. ಅಂದಿನಿಂದ ಫ್ರೀಜರ್ ಒಳಗೆ ಒಂದು ಲೋಟ ಇಟ್ಟಿದ್ದೇನೆ. ಲೋಟದಲ್ಲಿ ನೀರು ಹಾಕಿ ಗಟ್ಟಿ ಮಾಡಿ, ಮೇಲೆ ಒಂದು ರೂಪಾಯಿ ನಾಣ್ಯ ಇಡಬೇಕು. ನಾಣ್ಯ ಮೇಲೆಯೇ ಇದ್ದರೆ ಸರಿ. ತಳಕ್ಕೆ ಹೋಗಿದ್ದರೆ ಮಂಜುಗಡ್ಡೆ ಪೂರ್ತಿ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ನಡುವೆ ಸಿಕ್ಕಿಕೊಂಡಿದ್ದರೆ ಅರ್ಧ ಕರಗಿತ್ತು. ಇದರ ಜೊತೆಗೆ ಅತಿ ಕಡಿಮೆ ಮತ್ತು ಅತಿ ಹೆಚ್ಚು ಉಷ್ಣತೆ ನೆನಪಿಡುವ ಥರ್ಮಾಮೀಟರ್ ಇಡಿ. ದಿನಕ್ಕೆ ಎರಡು ಸಲ ಪುಸ್ತಕದಲ್ಲಿ ಬರೆಯಿರಿ, ಭಾನುವಾರವೂ ಸೇರಿ.

ಆರೋಗ್ಯ ಕೇಂದ್ರದ ಲಸಿಕೆ ಫ್ರಿಜ್ಜಿನಲ್ಲಿ "ಒಂದೇ ರಾತ್ರಿ ಇಟ್ಕೋತೀವಿ" ಅಂತ ಯಾವತ್ತೂ ಕೇಳಬೇಡಿ. ಅಲ್ಲಿ ಲಸಿಕೆ ಬಿಟ್ಟು ಬೇರೇನೂ ಇಡುವಂತಿಲ್ಲ.

5. ಉಗುಳು ತೆಗೆಯುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ.

ಮೊದಲು ಮಾತು. ಪುಸ್ತಕದಲ್ಲಿ "ಲಾಲಾರಸ" ಅಂತ ಇರುತ್ತದೆ. ಹಳ್ಳಿಯಲ್ಲಿ ಹಾಗಂದರೆ ಅರ್ಥವಾಗುವುದಿಲ್ಲ. "ಎಂಜಲು" ಅಂದರೆ ಮುಖ ಸಿಂಡರಿಸುತ್ತಾರೆ, ಅದು ಮೈಲಿಗೆಯ ಮಾತು. "ಬಾಯಲ್ಲಿ ಊರುವ ನೀರು" ಅನ್ನಿ, ಇಲ್ಲವೇ "ಉಗುಳು" ಅನ್ನಿ. ಟ್ಯೂಬನ್ನು ಅವರ ಮನೆಯ ಫ್ರಿಜ್ಜಿನಲ್ಲಿ ಇಡಲು ಹೇಳುವಾಗಲೂ ಇದೇ ತೊಡಕು. ಹಾಲು, ಮೊಸರು, ದೋಸೆ ಹಿಟ್ಟಿನ ಪಕ್ಕ ಅದನ್ನು ಯಾರೂ ಇಡುವುದಿಲ್ಲ. ಇಡಿ ಅಂತ ಒತ್ತಾಯ ಮಾಡುವುದೂ ಸರಿಯಲ್ಲ. "ಇಟ್ಟಿದ್ದೇವೆ" ಅಂದು ಕೊಟ್ಟಿಗೆ ಕಿಟಕಿಯಲ್ಲಿ ಇಟ್ಟಿರುತ್ತಾರೆ. ಕಾರ್ಟಿಸಾಲ್ ಬಿಸಿಗೆ ಅಷ್ಟು ಬೇಗ ಹಾಳಾಗುವುದಿಲ್ಲ, ಆದರೆ ನಮ್ಮ ಮಳೆಗಾಲದಲ್ಲಿ ಬೂಸ್ಟು ಬರಲು ತಡವಿಲ್ಲ. ನೀವೇ ಲಸಿಕೆ ಒಯ್ಯುವಂಥ ತಂಪು ಪೆಟ್ಟಿಗೆ ಸ್ವಂತಕ್ಕೆ ಕೊಂಡು, ಮಂಜುಗಡ್ಡೆ ಪ್ಯಾಕ್ ಹಾಕಿ ಆ ಮನೆಗೆ ಕೊಟ್ಟು ಬನ್ನಿ. ಮಾರನೇ ದಿನ ಹೋಗಿ ತನ್ನಿ.

ತೆಗೆಯುವ ಕ್ರಮ ಹೀಗೆ:

ಎದ್ದ ತಕ್ಷಣ ಒಂದು, 30 ನಿಮಿಷಕ್ಕೆ ಒಂದು, 45 ನಿಮಿಷಕ್ಕೆ ಒಂದು, ಮಲಗುವ ಮುಂಚೆ ಒಂದು. ಹೀಗೆ ಎರಡು ದಿನ. "ಎದ್ದ ತಕ್ಷಣ" ಅಂದರೆ ಕಣ್ಣು ಬಿಟ್ಟ ಹೊತ್ತು. ಬಚ್ಚಲ ಒಲೆಗೆ ಬೆಂಕಿ ಹಾಕಿ, ಕೊಟ್ಟಿಗೆಗೆ ಹೋಗಿ ಬಂದ ಮೇಲೆ ಅಲ್ಲ. ಹದಿನೈದು ನಿಮಿಷ ತಡವಾದರೂ ಕಾರ್ಟಿಸಾಲ್ ಆಗಲೇ ಏರಿರುತ್ತದೆ. ಆಗ ಬುಡದ ಅಳತೆಯೇ ಎತ್ತರವಾಗಿ, ಏರಿಕೆ ಕಡಿಮೆ ಕಾಣುತ್ತದೆ. ಟ್ಯೂಬನ್ನು ರಾತ್ರಿಯೇ ದಿಂಬಿನ ಪಕ್ಕ ಇಟ್ಟು ಮಲಗಲು ಹೇಳಿ. ರಾತ್ರಿ ಪಾಳಿಯ ನರ್ಸ್‌ಗಳ ಮೇಲೆ ಅಧ್ಯಯನ ಮಾಡುವುದಾದರೆ ಗಡಿಯಾರದ ಆರು ಗಂಟೆ ನೋಡಬೇಡಿ. ಅವರು ಎದ್ದ ಹೊತ್ತಿನಿಂದ ಎಣಿಸಿ.

ಮೊದಲ ಮೂರು ಟ್ಯೂಬ್ ಮುಗಿಯುವ ತನಕ ಕಾಫಿ, ತಿಂಡಿ, ಹಲ್ಲುಜ್ಜುವುದು ಯಾವುದೂ ಬೇಡ. ನೀರು ಕುಡಿದರೆ ಹತ್ತು ನಿಮಿಷ ಬಿಡಲಿ. ಹಲ್ಲುಜ್ಜಿದರೆ ಒಸಡಿನಿಂದ ರಕ್ತ ಬರಬಹುದು. ರಕ್ತದಲ್ಲಿ ಕಾರ್ಟಿಸಾಲ್ ಉಗುಳಿಗಿಂತ ಎಷ್ಟೋ ಪಟ್ಟು ಜಾಸ್ತಿ ಇರುವುದರಿಂದ ಸ್ವಲ್ಪ ಬೆರೆತರೂ ಲೆಕ್ಕ ತಪ್ಪುತ್ತದೆ.

ಇನ್ನು ಕವಳ. ಎಲೆ ಅಡಿಕೆ ಹಾಕುವವರು ನಮ್ಮಲ್ಲಿ ಎಷ್ಟು ಜನ! ಸುಣ್ಣ ಉಗುಳಿನ ಆಮ್ಲ-ಕ್ಷಾರ ಗುಣವನ್ನೇ ಬದಲಿಸುತ್ತದೆ. ಕೆಂಪು ಬಣ್ಣ ಇದ್ದರೆ ರಕ್ತ ಬಂದಿದೆಯಾ ಇಲ್ವಾ ಅಂತ ನೋಡಿ ಹೇಳಲು ಆಗುವುದಿಲ್ಲ. ಬಣ್ಣ ನೋಡಿ ಅಳೆಯುವ ಪರೀಕ್ಷೆಗೂ ಅಡ್ಡಿಯಾಗಬಹುದು. ಮಲಗುವ ಮುಂಚಿನ ಟ್ಯೂಬ್‌ಗೆ ಒಂದು ಗಂಟೆ ಮೊದಲೇ ಕವಳ ಉಗಿದು, ಬಾಯಿ ಚೆನ್ನಾಗಿ ಮುಕ್ಕಳಿಸಲು ಹೇಳಿ. ಹೊರಗಿನ ಕೈಪಿಡಿಗಳಲ್ಲಿ ಇದನ್ನು ಬರೆದಿರುವುದಿಲ್ಲ. ನಿಮ್ಮ ಸೂಚನಾ ಪತ್ರದಲ್ಲಿ ನೀವೇ ಸೇರಿಸಿ.

ತಲೆ ಸ್ವಲ್ಪ ಬಗ್ಗಿಸಿ, ಬಾಯಲ್ಲಿ ನೀರು ಊರಲು ಬಿಟ್ಟು, ಅದನ್ನು ಹಾಗೇ 2 ಮಿಲಿ ಟ್ಯೂಬ್‌ಗೆ ಇಳಿಬಿಡಬೇಕು. ಕ್ಯಾಕರಿಸಿ ಉಗಿಯಬಾರದು. ಸುಮಾರು 1 ಮಿಲಿ ಸಾಕು. ಟ್ಯೂಬ್ ತುಂಬಿಸಬೇಡಿ, ಗಟ್ಟಿಯಾಗುವಾಗ ಹಿಗ್ಗಿ ಮುಚ್ಚಳ ಹಾರುತ್ತದೆ. ಔಷಧಿ ಅಂಗಡಿಯ ಹತ್ತಿ ಬಳಸಬೇಡಿ. ಹತ್ತಿ ಕೆಲವು ಹಾರ್ಮೋನುಗಳ ಅಳತೆ ಕೆಡಿಸುತ್ತದೆ.

ಟ್ಯೂಬ್ ಮೇಲೆ ಹೆಸರು ಬೇಡ, ಸಂಖ್ಯೆ ಮಾತ್ರ ಇರಲಿ. ಯಾವ ಸಂಖ್ಯೆ ಯಾರದ್ದು ಅನ್ನುವ ಪಟ್ಟಿ ಬೀಗದೊಳಗೆ ಬೇರೆ ಇರಲಿ. ಸಾಮಾನ್ಯ ಸ್ಟಿಕ್ಕರ್ ಫ್ರೀಜರ್‌ನಲ್ಲಿ ಉದುರುತ್ತದೆ, ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ. ಫ್ರೀಜರ್‌ಗೆಂದೇ ಇರುವ ಲೇಬಲ್ ತಂದು ಪೆನ್ಸಿಲ್‌ನಲ್ಲಿ ಬರೆಯಿರಿ. ಆಸ್ತಮಾದ ಸ್ಟೀರಾಯ್ಡ್ ಇನ್‌ಹೇಲರ್, ಸ್ಟೀರಾಯ್ಡ್ ಮಾತ್ರೆ, ಬೀಡಿ-ಸಿಗರೇಟು, ಗರ್ಭಿಣಿಯಾ ಅನ್ನುವುದನ್ನು ಕೇಳಿ ಬರೆದುಕೊಳ್ಳಿ.

6. ಅಳೆಯುವ ಕೆಲಸ ಯಾರಿಗೆ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಎಲೈಸಾ ರೀಡರ್ ಕೊಳ್ಳಬೇಡಿ. ಎಲೈಸಾ ಅಂದರೆ ಪುಟ್ಟ ಗುಣಿಗಳಿರುವ ತಟ್ಟೆಯಲ್ಲಿ ಬಣ್ಣ ಬರಿಸಿ, ಆ ಬಣ್ಣದ ಗಾಢತೆಯಿಂದ ಹಾರ್ಮೋನಿನ ಪ್ರಮಾಣ ತಿಳಿಯುವ ವಿಧಾನ. ವರ್ಷಕ್ಕೆ ಒಂದೆರಡು ಸಲ ಮಾಡುವವರ ಕೈ ಪಳಗುವುದಿಲ್ಲ. ಮಾದರಿ ತೆಗೆದು ಸರಿಯಾಗಿ ಕಾಪಾಡುವುದು ನರ್ಸಿಂಗ್ ಲ್ಯಾಬಿನ ಬಲ. ಅಳತೆಗೆ ಮೆಡಿಕಲ್ ಕಾಲೇಜಿನ ಬಯೋಕೆಮಿಸ್ಟ್ರಿ ವಿಭಾಗವನ್ನೋ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಜೈವಿಕ ವಿಜ್ಞಾನ ವಿಭಾಗಗಳನ್ನೋ ಕೇಳಿ, ಬರವಣಿಗೆಯಲ್ಲಿ ಒಪ್ಪಂದ ಮಾಡಿಕೊಳ್ಳಿ. "ಕಾರ್ಟಿಸಾಲ್ ಮಾಡ್ತೀರಾ?" ಅಂತ ಕೇಳಿದರೆ ಸಾಲದು. "ಉಗುಳಿನದ್ದು ಮಾಡ್ತೀರಾ?" ಅಂತ ಕೇಳಿ. ರಕ್ತಕ್ಕೆಂದು ಹೊಂದಿಸಿದ ವಿಧಾನಕ್ಕೆ ಉಗುಳಿನ ಸಣ್ಣ ಪ್ರಮಾಣ ಸಿಗದೇ ಹೋಗಬಹುದು.

ಕಿಟ್ ಲೆಕ್ಕ ಹಾಕುವಾಗ ತುಂಬಾ ಜನ ಎಡವುತ್ತಾರೆ. ಒಂದು ಕಿಟ್‌ಗೆ ಒಂದು ತಟ್ಟೆ, ಅದರಲ್ಲಿ 96 ಗುಣಿ ಇರುತ್ತವೆ. ಪ್ರತಿ ಮಾದರಿಯನ್ನು ಎರಡೆರಡು ಗುಣಿಯಲ್ಲಿ ಹಾಕಬೇಕು, ಅಂದರೆ 48 ಜೋಡಿ. ಅಳತೆಗೋಲಿಗೆ, ತಪಾಸಣೆಗೆ ಅಂತ ಇಡುವ, ಪ್ರಮಾಣ ಮೊದಲೇ ಗೊತ್ತಿರುವ ದ್ರಾವಣಗಳಿಗೆ ಸುಮಾರು 10 ಜೋಡಿ ಹೋಗುತ್ತದೆ. ಉಳಿಯುವುದು 38. ಈಗ 30 ಹೆಂಗಸರು, ದಿನಕ್ಕೆ 4 ಟ್ಯೂಬ್, 2 ದಿನ ಅಂದರೆ 240 ಟ್ಯೂಬ್. 240ನ್ನು 38ರಿಂದ ಭಾಗಿಸಿ "7 ಕಿಟ್ ಸಾಕು" ಅನ್ನುತ್ತಾರೆ. ಆದರೆ ಒಬ್ಬರ 8 ಟ್ಯೂಬೂ ಒಂದೇ ತಟ್ಟೆಯಲ್ಲಿ ಬರಬೇಕು, ಇಲ್ಲದಿದ್ದರೆ ತಟ್ಟೆಯಿಂದ ತಟ್ಟೆಗೆ ಆಗುವ ವ್ಯತ್ಯಾಸ ಅವರ ದೇಹದ ವ್ಯತ್ಯಾಸದ ಹಾಗೆ ಕಾಣುತ್ತದೆ. ಹಾಗಾದರೆ ಒಂದು ತಟ್ಟೆಗೆ 4 ಜನ ಮಾತ್ರ. 30 ಜನರಿಗೆ 8 ಕಿಟ್ ಬೇಕು. ಮೇಲೆ ಒಂದು ಹೆಚ್ಚಿಗೆ ಇಟ್ಟುಕೊಳ್ಳಿ.

ಕಳಿಸುವ ಮುಂಚೆ ಮಾದರಿ ಕರಗಿಸಿ, 1500 ಜಿ ಬಲದಲ್ಲಿ 15 ನಿಮಿಷ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಬೇಕು. ಲೋಳೆಯೆಲ್ಲ ತಳಕ್ಕೆ ಕೂರುತ್ತದೆ, ಮೇಲಿನ ತಿಳಿ ಮಾತ್ರ ಬಳಸಬೇಕು. ಈ "ಜಿ" ಮತ್ತು ಯಂತ್ರದ ಮೇಲಿರುವ "ಆರ್‌ಪಿಎಂ" ಒಂದೇ ಅಲ್ಲ. ಜಿ ಅಂದರೆ ಭೂಮಿಯ ಸೆಳೆತದ ಎಷ್ಟು ಪಟ್ಟು ಬಲ ಅಂತ, ಆರ್‌ಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಸುತ್ತು ಅಂತ. ತಿರುಗುವ ತೋಳು 10 ಸೆಂ.ಮೀ. ಇದ್ದರೆ 1500 ಜಿ ಬರಲು ಸುಮಾರು 3660 ಆರ್‌ಪಿಎಂ ಬೇಕು, 15 ಸೆಂ.ಮೀ. ಇದ್ದರೆ ಸುಮಾರು 3000 ಸಾಕು. ಸುಮ್ನೆ 1500 ಆರ್‌ಪಿಎಂಗೆ ತಿರುಗಿಸಿದರೆ ಲೋಳೆ ಸರಿಯಾಗಿ ಕೂರುವುದಿಲ್ಲ.

7. ನಿದ್ದೆ, ಎದೆಬಡಿತ, ಪ್ರಶ್ನಾವಳಿ

ನಿದ್ದೆಗೆ ಆಕ್ಟಿಗ್ರಾಫ್ ಅನ್ನುವ ಕೈಪಟ್ಟಿ ಇದೆ. ಕೈಯ ಚಲನೆ ನೋಡಿ ನಿದ್ದೆಯಾ ಎಚ್ಚರವಾ ಅಂತ ಲೆಕ್ಕ ಹಾಕುತ್ತದೆ. ಕಡಿಮೆ ಬಳಸುವ ಕೈಗೆ, 7 ರಾತ್ರಿ ಕಟ್ಟಿರಬೇಕು. ತೊಂದರೆ ಏನೆಂದರೆ, ಬಿಚ್ಚಿಟ್ಟ ಪಟ್ಟಿಯೂ ನಿದ್ದೆ ಮಾಡುವ ಕೈಯೂ ಅದಕ್ಕೆ ಒಂದೇ ಥರ ಕಾಣುತ್ತವೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತವರು ಅಡಿಕೆಯ ಚೊಗರು ತಾಗುತ್ತದೆ ಅಂತ ಪಟ್ಟಿ ಬಿಚ್ಚಿ ಕಿಟಕಿಯಲ್ಲಿ ಇಟ್ಟರೆ, ನಿಮ್ಮ ಗ್ರಾಫಿನಲ್ಲಿ ಅವರು ನಾಲ್ಕು ಗಂಟೆ ಗಾಢ ನಿದ್ದೆಯಲ್ಲಿರುತ್ತಾರೆ! ಅದಕ್ಕೇ ಪಕ್ಕದಲ್ಲಿ ಒಂದು ನಿದ್ದೆ ಪುಸ್ತಕ ಬೇಕು: ಮಲಗಿದ್ದು, ಎದ್ದದ್ದು, ಪಟ್ಟಿ ಬಿಚ್ಚಿದ್ದು. ಮಾರುಕಟ್ಟೆಯ ಸ್ಮಾರ್ಟ್‌ವಾಚ್ ಬಳಸುವುದಾದರೆ ಅದರ ಒಳಲೆಕ್ಕ ನಿಮಗೆ ಕಾಣುವುದಿಲ್ಲ, ಅಪ್‌ಡೇಟ್ ಆದರೆ ಬದಲಾಗಲೂಬಹುದು ಅನ್ನುವುದು ನೆನಪಿರಲಿ.

ಎದೆಬಡಿತದ ಏರುಪೇರು ಅಂದರೆ ಎರಡು ಬಡಿತಗಳ ನಡುವಿನ ಅಂತರ ಎಷ್ಟು ಬದಲಾಗುತ್ತದೆ ಅನ್ನುವ ಲೆಕ್ಕ. ಐದು ನಿಮಿಷ ಸುಮ್ನೆ ಕೂರಿಸಿ, ಆಮೇಲೆ ಐದು ನಿಮಿಷ ದಾಖಲಿಸಿ. 1996ರ ಅಂತರರಾಷ್ಟ್ರೀಯ ಮಾನದಂಡದಲ್ಲೂ ಚಿಕ್ಕ ದಾಖಲೆಗೆ ಐದು ನಿಮಿಷವೇ ಇದೆ. ಆ ಹೊತ್ತಿನಲ್ಲಿ ಮಾತಾಡಿಸಬೇಡಿ.

ಪ್ರಶ್ನಾವಳಿಯಲ್ಲಿ ನಿದ್ದೆಗೆ ಪಿಟ್ಸ್‌ಬರ್ಗ್ ಸೂಚ್ಯಂಕ ಇದೆ. ಅಂಕ 5 ದಾಟಿದರೆ ನಿದ್ದೆ ಸರಿಯಿಲ್ಲ ಅಂತ. ಬಳಸಲು ಅನುಮತಿ ಪಡೆಯಬೇಕು. ಕನ್ನಡಕ್ಕೆ ತರುವಾಗ ಒಬ್ಬರು ಅನುವಾದ ಮಾಡಿ, ಮೂಲ ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಎರಡನ್ನೂ ಹೋಲಿಸಬೇಕು. ಆಮೇಲೂ ಹಳ್ಳಿಯವರ ಬಾಯಲ್ಲಿ ಪರೀಕ್ಷಿಸಿ. "ಒತ್ತಡ ಇದೆಯಾ?" ಅಂದರೆ "ಬಿಪಿ ಇಲ್ಲ" ಅನ್ನುತ್ತಾರೆ. "ತಲೆಬಿಸಿ ಇದೆಯಾ?" ಅಂದರೆ ಮನಸ್ಸು ಬಿಚ್ಚಿ ಮಾತಾಡುತ್ತಾರೆ.

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯ ಬಗ್ಗೆ. ಯಾರಾದರೂ ಅದಕ್ಕೆ ಸೊನ್ನೆ ಬಿಟ್ಟು ಬೇರೆ ಅಂಕ ಕೊಟ್ಟರೆ ಆ ಹಾಳೆಯನ್ನು ಫೈಲಿಗೆ ಸೇರಿಸಿ ಮನೆಗೆ ಹೋಗುವಂತಿಲ್ಲ. ಆ ದಿನವೇ ಅವರ ಜೊತೆ ಕೂತು ಮಾತಾಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಕರೆದುಕೊಂಡು ಹೋಗುವ ವ್ಯವಸ್ಥೆ ಮೊದಲೇ ಮಾಡಿಟ್ಟಿರಿ. ಟೆಲಿ-ಮಾನಸ್ ಸಹಾಯವಾಣಿ 14416 ಸಂಖ್ಯೆಯನ್ನು ಪ್ರತಿಯೊಬ್ಬರ ಸೂಚನಾ ಪತ್ರದಲ್ಲೂ ಅಚ್ಚು ಹಾಕಿಸಿ.

8. ಸುರಕ್ಷತೆ ಮತ್ತು ಕಸ

ಉಗುಳನ್ನೂ ಸೋಂಕಿರುವ ವಸ್ತು ಅಂತಲೇ ತಿಳಿದು ಕೈಗವಸು ಹಾಕಿ. ತಂಡದವರೆಲ್ಲ ಹೆಪಟೈಟಿಸ್-ಬಿ ಲಸಿಕೆ ಮುಗಿಸಿರಬೇಕು. ಸೆಂಟ್ರಿಫ್ಯೂಜ್ ನಿಂತ ತಕ್ಷಣ ಮುಚ್ಚಳ ತೆಗೆಯಬೇಡಿ.

ಜ್ವರ ಇರುವವರ ಮಾದರಿ ತೆಗೆಯಲೇಬೇಡಿ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ. ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಈ ಜ್ವರದ ಕಾಲವೂ ಅಡಿಕೆ ಸುಗ್ಗಿಯ ಜೊತೆಗೇ ಶುರುವಾಗಿ ಬೇಸಿಗೆ ತನಕ ಇರುತ್ತದೆ. ಆ ರಕ್ತವನ್ನು ಮುಟ್ಟಲು ಬೇರೆಯೇ ಮಟ್ಟದ ಲ್ಯಾಬ್ ಬೇಕು. ಜ್ವರ ಕಂಡರೆ ಅಧ್ಯಯನ ಬಿಟ್ಟು ಅವರನ್ನು ಆರೋಗ್ಯ ಕೇಂದ್ರಕ್ಕೆ ಕಳಿಸಿ.

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಹಾಗೆ ಮಾದರಿ ತಾಗಿದ ಪ್ಲಾಸ್ಟಿಕ್ ಟ್ಯೂಬ್, ಕೈಗವಸು ಕೆಂಪು ಚೀಲಕ್ಕೆ, ಮಾದರಿ ತಾಗಿದ ಹತ್ತಿ, ಬಟ್ಟೆ ಹಳದಿಗೆ, ಸೂಜಿ ಬಿಳಿ ಡಬ್ಬಕ್ಕೆ, ಗಾಜು ನೀಲಿಗೆ. 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ.

9. ಮೊದಲು ನಿಮ್ಮ ಮೇಲೇ ಮಾಡಿ

ಅಧ್ಯಯನಕ್ಕೆ ಇಳಿಯುವ ಒಂದು ತಿಂಗಳ ಮುಂಚೆ ತಂಡದ ಐದು ಜನ ಎರಡು ದಿನ ಎಲ್ಲವನ್ನೂ ಮಾಡಿ ನೋಡಿ. ದಿಂಬಿನ ಪಕ್ಕ ಟ್ಯೂಬ್ ಇಟ್ಟು ಮಲಗಿ. ಕಾಫಿ ಇಲ್ಲದೆ ಮುಕ್ಕಾಲು ಗಂಟೆ ಕಾಯಿರಿ. ಬೆಳಗಿನ ಬಾಯಲ್ಲಿ 1 ಮಿಲಿ ತುಂಬಲು ಎಷ್ಟು ಹೊತ್ತು ಹಿಡಿಯಿತು ಬರೆದುಕೊಳ್ಳಿ. ನಲವತ್ತು ಟ್ಯೂಬ್ ಬರುತ್ತದೆ. ಅದನ್ನು ಫ್ರೀಜರ್‌ಗೆ ಹಾಕಿ, ವಾರ ಬಿಟ್ಟು ತೆಗೆದು, ಲೇಬಲ್ ಓದಲು ಬರುತ್ತದೆಯಾ ನೋಡಿ. ಟ್ಯೂಬ್ ಮೇಲಿನ ಹೊತ್ತು, ನಿದ್ದೆ ಪುಸ್ತಕದ ಹೊತ್ತು, ಕೈಪಟ್ಟಿ ಹೇಳುವ ಎದ್ದ ಹೊತ್ತು ಮೂರನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ. ನಿಮ್ಮದೇ ಹದಿನೈದು ನಿಮಿಷ ತಪ್ಪಿದ್ದರೆ ಸೂಚನಾ ಪತ್ರವನ್ನು ಮತ್ತೆ ಬರೆಯಿರಿ. ಅಕ್ಟೋಬರ್‌ನಲ್ಲಿ ಅಡಿಕೆಗೊನೆ ಕೊಯ್ಲು ಶುರುವಾಗುವ ಹೊತ್ತಿಗೆ ಅಚ್ಚಾದ ಪ್ರತಿ ಕೈಯಲ್ಲಿರಲಿ.